ಕಾದಂಬರಿಯಿಂದ ಸಿನಿಮಾ: ಆರು ಭಾನುವಾರಕ್ಕೆ ಯಾವ ಬ್ರಿಟಿಷ್ ಕೃತಿಗಳು, ಹೇಗೆ ನಡೆಸುವುದು?

ಮಾವಿನಕೆರೆ ದಂಡೆ, ರಾಯಚೂರು

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಪದವಿ ಕಾಲೇಜೊಂದರ ಇಂಗ್ಲಿಷ್ ವಿಭಾಗದಲ್ಲಿ ಆರು ಭಾನುವಾರಗಳ ಶಿಬಿರ ಗೊತ್ತಾಗಿದೆ. ವಿಷಯ, ಸಮಕಾಲೀನ ಬ್ರಿಟಿಷ್ ಕಾದಂಬರಿ ಮತ್ತು ಅದರಿಂದ ಆದ ಸಿನಿಮಾ. ಬಿ.ಎ. ಕೊನೆಯ ವರ್ಷದವರು, ಎಂ.ಎ.ಯವರು ಸೇರಿ 35 ಮಂದಿ. ಹೆಚ್ಚಿನವರು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಆದರೆ ಓದುವ ಆಸೆ ಇರುವವರು. ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ಸಮಯ.

ಈ ವಿಷಯ ಕೊಟ್ಟಾಗ ಬರುವ ಬರಹಗಳೆಲ್ಲ ಒಂದೇ ಅಚ್ಚಿನವು: ‘ಕಾದಂಬರಿಯಲ್ಲಿ ಇದು ಇತ್ತು, ಸಿನಿಮಾದಲ್ಲಿ ಇಲ್ಲ, ಆದ್ದರಿಂದ ಕಾದಂಬರಿಯೇ ಮೇಲು.’ ಇದನ್ನು ದಾಟಿಸುವುದು ಹೇಗೆ? ಯಾವ ಕೃತಿಗಳನ್ನು ಇಟ್ಟುಕೊಂಡರೆ ಒಳ್ಳೆಯದು? ಕಾಲೇಜಿನ ಸಭಾಂಗಣದಲ್ಲಿ ತೋರಿಸಲು ಏನೇನು ಸಿದ್ಧತೆ ಬೇಕು, ಹಕ್ಕಿನ ತಕರಾರು ಬರುತ್ತದೆಯೇ? ಗೊತ್ತಿದ್ದವರು ಬಿಡಿಸಿ ಹೇಳಿ.

ಬೆಟ್ಟದ ಕೋಟೆ, ಬಳ್ಳಾರಿ

ಆರು ವಾರಕ್ಕೆ ಆರು ಕಾದಂಬರಿ ಹಾಕಬೇಡಿ. ವಾರಕ್ಕೊಂದು ಎಂದರೆ ಮೂರನೇ ವಾರದಿಂದ ಎಲ್ಲರೂ ಸಾರಾಂಶ ಓದಿಕೊಂಡು ಬಂದು ಕೂರುತ್ತಾರೆ. ಎರಡನ್ನು ಪೂರ್ತಿ ಓದಿಸಿ, ಒಂದೊಂದಕ್ಕೆ ಎರಡು ಭಾನುವಾರ ಕೊಡಿ. ಉಳಿದ ಎರಡು ಭಾನುವಾರಕ್ಕೆ ಬೇರೆ ಕೃತಿಗಳ ಒಂದೊಂದು ಅಧ್ಯಾಯ ಸಾಕು. ಪೂರ್ತಿ ಓದಿಸಬೇಕಾದವು ಕಜುವೊ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ (1989) ಮತ್ತು ಇಯಾನ್ ಮೆಕ್‌ಇವನ್ ಅವರ ‘ಅಟೋನ್‌ಮೆಂಟ್’ (2001). ಮೊದಲನೆಯದನ್ನು 1993ರಲ್ಲಿ ಜೇಮ್ಸ್ ಐವರಿ ಸಿನಿಮಾ ಮಾಡಿದರು, ಚಿತ್ರಕಥೆ ರೂತ್ ಪ್ರಾವರ್ ಜಾಬ್ವಾಲಾ ಅವರದು, 134 ನಿಮಿಷ. ಎರಡನೆಯದನ್ನು 2007ರಲ್ಲಿ ಜೋ ರೈಟ್ ಮಾಡಿದರು, ಚಿತ್ರಕಥೆ ಕ್ರಿಸ್ಟೋಫರ್ ಹ್ಯಾಂಪ್ಟನ್, 123 ನಿಮಿಷ. ನಿಮ್ಮ ಮೂರೂವರೆ ತಾಸಿನಲ್ಲಿ ಸಿನಿಮಾ ಮುಗಿದು ಒಂದು ತಾಸು ಮಾತಿಗೆ ಉಳಿಯುತ್ತದೆ.

‘ಏನು ಬಿಟ್ಟರು’ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಹೊರಗಿಡಿ. ಬಿಡಲೇಬೇಕು, ಬೇರೆ ದಾರಿಯೇ ಇಲ್ಲ. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ. ಎರಡು ತಾಸಿಗೆ 120 ಪುಟ, ಅದರಲ್ಲೂ ಅರ್ಧ ಖಾಲಿ ಜಾಗ. ಮುನ್ನೂರು ಪುಟದ ಗದ್ಯ ಅದರೊಳಗೆ ಹಿಡಿಸುವುದಿಲ್ಲ. ವಿದ್ಯಾರ್ಥಿಗಳಿಗೆ ಕೊಡಬೇಕಾದ ಪ್ರಶ್ನೆ ಇದು: ಈ ಸಂಗತಿ ಯಾರಿಗೆ ಗೊತ್ತು, ಯಾವಾಗ ಗೊತ್ತಾಯಿತು, ನಮಗೆ ಯಾರಿಂದ ಗೊತ್ತಾಯಿತು? 1980ರ ಈಚಿನ ಒಳ್ಳೆಯ ಬ್ರಿಟಿಷ್ ಕಾದಂಬರಿಗಳಲ್ಲಿ ಬಹಳಷ್ಟು, ಎಲ್ಲವನ್ನೂ ಹೇಳದ ಅಥವಾ ತಿರುಚಿ ಹೇಳುವ ನಿರೂಪಕರ ಮೇಲೆ ನಿಂತಿವೆ. ಪುಟದ ಮೇಲೆ ‘ನಾನು’ ಎಂದವನು ತನಗೆ ಬೇಡವಾದದ್ದನ್ನು ಮುಚ್ಚಿಡಬಹುದು. ಕ್ಯಾಮೆರಾದ ಮುಂದೆ ನಟನ ಮುಖ ಇರುತ್ತದೆ, ಮುಖ ಮುಚ್ಚಿಡುವುದು ಕಷ್ಟ. ಆ ಮುಚ್ಚಿಡುವ ಕೆಲಸವನ್ನು ನಿರ್ದೇಶಕ ಯಾವುದಕ್ಕೆ ವಹಿಸಿದ ಎಂದು ಹುಡುಕುವುದೇ ನಿಮ್ಮ ಆರು ವಾರದ ಕೆಲಸ.

‘ರಿಮೇನ್ಸ್’ನ ಅಧ್ಯಾಯಗಳ ಹೆಸರನ್ನು ಬೋರ್ಡಿನ ಮೇಲೆ ಸಾಲಾಗಿ ಬರೆಸಿ. 1956ರ ಜುಲೈನ ಪೀಠಿಕೆ, ಆಮೇಲೆ ಮೊದಲ ದಿನ, ಎರಡನೇ ದಿನ, ಮೂರು, ನಾಲ್ಕು, ಕೊನೆಗೆ ಆರನೇ ದಿನ ಸಂಜೆ ವೇಮತ್‌ನಲ್ಲಿ. ಐದನೇ ದಿನ ಇಲ್ಲ. ಕಥೆ ಹೇಳುವ ಸ್ಟೀವನ್ಸ್, ಲಾರ್ಡ್ ಡಾರ್ಲಿಂಗ್ಟನ್ ಎಂಬ ಇಂಗ್ಲಿಷ್ ಶ್ರೀಮಂತನ ಮನೆಯಲ್ಲಿ ಬಟ್ಲರ್ (ಮುಖ್ಯ ಸೇವಕ) ಆಗಿದ್ದವನು. ಅವನು ಇಡೀ ಪ್ರಯಾಣ ಹೊರಟದ್ದೇ, ಹಿಂದೆ ಅದೇ ಮನೆಯಲ್ಲಿ ಮನೆವಾರ್ತೆ ನೋಡುತ್ತಿದ್ದ ಮಿಸ್ ಕೆಂಟನ್‌ಳನ್ನು ಕಾಣಲು. ನಾಲ್ಕನೇ ದಿನದ ಅಧ್ಯಾಯದಲ್ಲಿ ಅವನು ಹೋಟೆಲಿನಲ್ಲಿ ಕಾಯುತ್ತ ಕೂತಿದ್ದಾನೆ. ಭೇಟಿಯ ವಿವರ ಬರುವುದು ಎರಡು ದಿನ ಕಳೆದ ಮೇಲೆ, ನೆನಪಾಗಿ. ನಡುವೆ ಅವನು ಏನೂ ಬರೆದಿಲ್ಲ, ಬರೆಯಲು ಆಗಿಲ್ಲ. ಸಿನಿಮಾ ಆ ಭೇಟಿಯನ್ನು ನೇರವಾಗಿ ತೋರಿಸುತ್ತದೆ: ಚಹಾ, ಮಾತು, ಸಂಜೆಯ ಮಳೆ, ಬಸ್ಸು. ಖಾಲಿ ಬಿಟ್ಟ ದಿನವನ್ನು ತೋರಿಸಲು ಪರದೆಯಲ್ಲಿ ದಾರಿಯಿಲ್ಲ. ಹಾಗಾಗಿ ಆ ಭಾರವನ್ನೆಲ್ಲ ಬಸ್ಸು ಹೊರಡುವ ಗಳಿಗೆಗೆ ಹಾಕಿದ್ದಾರೆ. ಮಿಸ್ ಕೆಂಟನ್ ಆಗಿ ಎಮ್ಮಾ ಥಾಮ್ಸನ್ ಅಳುವುದು ಕಾಣುತ್ತದೆ, ಸ್ಟೀವನ್ಸ್ ಆಗಿ ಆಂಥನಿ ಹಾಪ್ಕಿನ್ಸ್ ಟೋಪಿ ಎತ್ತಿ ನಿಲ್ಲುತ್ತಾರೆ.

ಎರಡನೇ ದಿನ ಬೆಳಗಿನ ಅಧ್ಯಾಯದಲ್ಲಿ ಸ್ಟೀವನ್ಸ್‌ನ ತಂದೆ ಸಾಯುವ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಒಡೆಯನ ಮನೆಯಲ್ಲಿ 1923ರ ರಾಜಕೀಯ ಸಮ್ಮೇಳನ ನಡೆಯುತ್ತಿದೆ, ಮಹಡಿಯ ಮೇಲೆ ತಂದೆ ತೀರಿಕೊಂಡಿದ್ದಾನೆ, ಇವನು ಕೆಳಗೆ ಅತಿಥಿಗಳಿಗೆ ಮದ್ಯ ಬಡಿಸುತ್ತಿದ್ದಾನೆ. ತಾನು ಅತ್ತೆ ಎಂದು ಸ್ಟೀವನ್ಸ್ ಎಲ್ಲೂ ಬರೆಯುವುದಿಲ್ಲ. ನೀನು ಅಳುತ್ತಿರುವಂತಿದೆ ಎಂದು ಒಡೆಯ ಹೇಳಿದಾಗಲೇ ನಮಗೆ ಗೊತ್ತಾಗುವುದು. ಕಣ್ಣೀರು ನಿರೂಪಕನ ಬಾಯಿಂದ ಬರದೆ ಇನ್ನೊಬ್ಬರ ಮಾತಿನಲ್ಲಿ ಬಂತು. ಇದನ್ನು ಹಿಡಿದುಕೊಂಡ ವಿದ್ಯಾರ್ಥಿ ಕಾದಂಬರಿಯ ಉಳಿದ ಭಾಗವನ್ನು ತಾನೇ ಬಿಡಿಸಿಕೊಳ್ಳುತ್ತಾನೆ.

ಪುಸ್ತಕ ಕಸಿಯುವ ದೃಶ್ಯ ಇನ್ನೊಂದು (ಕಾದಂಬರಿಯಲ್ಲಿ ಮೂರನೇ ದಿನ ಸಂಜೆ). ಸ್ಟೀವನ್ಸ್ ತನ್ನ ಕೋಣೆಯಲ್ಲಿ ಏನೋ ಓದುತ್ತಿದ್ದಾನೆ, ಮಿಸ್ ಕೆಂಟನ್ ಒಳಗೆ ಬಂದು ಏನೆಂದು ನೋಡಲು ಹಟ ಹಿಡಿಯುತ್ತಾಳೆ. ಆ ಪುಸ್ತಕ ಒಂದು ಸಾದಾ ಪ್ರೇಮಕಥೆ. ಕಾದಂಬರಿಯಲ್ಲಿ ಅವನು, ಭಾಷೆ ಸುಧಾರಿಸಿಕೊಳ್ಳಲು ಓದುತ್ತೇನೆ ಎಂದು ಓದುಗರ ಮುಂದೆ ಉದ್ದಕ್ಕೆ ಸಮಜಾಯಿಷಿ ಕೊಡುತ್ತಾನೆ. ಆ ಸಮಜಾಯಿಷಿಯೇ ಅವನನ್ನು ಬಯಲು ಮಾಡುತ್ತದೆ. ಸಿನಿಮಾದಲ್ಲಿ ಆ ಮಾತು ಒಂದು ಸಾಲಿಗೆ ಇಳಿದಿದೆ. ಉಳಿದದ್ದು ಕೈಗಳು. ಅವಳು ಅವನ ಬೆರಳುಗಳನ್ನು ಪುಸ್ತಕದಿಂದ ಒಂದೊಂದಾಗಿ ಬಿಡಿಸುತ್ತಾಳೆ, ಅವನು ಗೋಡೆಗೆ ಒತ್ತಿ ನಿಂತಿದ್ದಾನೆ, ಇನ್ನೊಂದು ಕೈ ಅವಳ ತಲೆಯ ಹತ್ತಿರ ಮೇಲೆದ್ದು ಮುಟ್ಟದೆ ನಿಂತಿದೆ. ಕೋಣೆಯಲ್ಲಿ ಅರೆಗತ್ತಲು. ಮೊದಲು ಧ್ವನಿ ತೆಗೆದು ತೋರಿಸಿ, ಆಮೇಲೆ ಧ್ವನಿಯೊಂದಿಗೆ.

ಇನ್ನೊಂದು ಬದಲಾವಣೆ ಕಸುಬಿನ ದೃಷ್ಟಿಯಿಂದ ಬಹಳ ಜಾಣತನದ್ದು. ಕಾದಂಬರಿಯಲ್ಲಿ ಸಮ್ಮೇಳನಕ್ಕೆ ಬರುವ ಅಮೆರಿಕನ್ ರಾಜಕಾರಣಿ ಲೂಯಿಸ್ ಬೇರೆ, ಮುಂದೆ ಮನೆ ಕೊಳ್ಳುವ ಅಮೆರಿಕನ್ ಫ್ಯಾರಡೇ ಬೇರೆ. ಸಿನಿಮಾದಲ್ಲಿ ಇಬ್ಬರೂ ಒಬ್ಬನೇ. ಒಂದು ಪಾತ್ರವನ್ನು ಹೊಸದಾಗಿ ಪರಿಚಯಿಸುವ ಸಮಯ ಉಳಿಯಿತು. ಜೊತೆಗೆ, ಲಾರ್ಡ್ ಡಾರ್ಲಿಂಗ್ಟನ್‌ನನ್ನು ಹವ್ಯಾಸಿ ರಾಜಕಾರಣಿ ಎಂದು ಮುಖಕ್ಕೆ ಹೇಳಿದವನೇ ಆ ಮನೆಯ ಒಡೆಯನಾದ. ಜಾಗ ಉಳಿಸಲು ಮಾಡಿದ ಕೆಲಸ ಅರ್ಥವನ್ನೂ ತಂದುಕೊಟ್ಟಿತು.

‘ಅಟೋನ್‌ಮೆಂಟ್’ನಲ್ಲಿ ಕಾರಂಜಿಯ ದೃಶ್ಯ ಒಂದೇ ಸಾಕು, ಇಡೀ ಶಿಬಿರ ಅದರ ಮೇಲೆ ನಿಲ್ಲುತ್ತದೆ. ಕಾದಂಬರಿಯ ಎರಡನೇ ಅಧ್ಯಾಯ ಮನೆಯ ಹಿರಿಯ ಮಗಳು ಸಿಸಿಲಿಯಾಳ ಕಡೆಯಿಂದ: ಮನೆಗೆಲಸದವಳ ಮಗ ರಾಬಿಯೊಂದಿಗಿನ ಜಗ್ಗಾಟದಲ್ಲಿ ಹೂದಾನಿ ಒಡೆಯುತ್ತದೆ, ಚೂರು ನೀರಿಗೆ ಬೀಳುತ್ತದೆ, ಅವಳು ಸಿಟ್ಟಿನಿಂದ ಉಡುಪು ಕಳಚಿ ಕಾರಂಜಿಯೊಳಗೆ ಇಳಿಯುತ್ತಾಳೆ. ಮೂರನೇ ಅಧ್ಯಾಯದಲ್ಲಿ ಅದನ್ನೇ 13 ವರ್ಷದ ತಂಗಿ ಬ್ರಯನಿ ಕಿಟಕಿಯಿಂದ ನೋಡಿ ತಪ್ಪು ತಿಳಿಯುತ್ತಾಳೆ. ಓದುವವನಿಗೆ ನಿಜ ಮೊದಲೇ ಗೊತ್ತು, ಹುಡುಗಿ ಎಡವುವುದನ್ನು ನೋಡುತ್ತ ಕೂರುತ್ತಾನೆ. ಜೋ ರೈಟ್ ಈ ಕ್ರಮವನ್ನು ತಿರುಗಿಸಿದರು. ಮೊದಲು ಕಿಟಕಿ, ಮಾತು ಕೇಳದ ದೂರ. ಆಮೇಲೆ ಹಿಂದಕ್ಕೆ ಹೋಗಿ ಹತ್ತಿರದಿಂದ ಅದೇ ಘಟನೆ. ಈಗ ನೋಡುವವನೂ ಬ್ರಯನಿಯ ಜೊತೆಗೇ ಮೋಸಹೋದ. ಎರಡು ಅಧ್ಯಾಯಗಳ ಕ್ರಮ ಬದಲಾದದ್ದಷ್ಟೇ, ತಪ್ಪಿನ ಪಾಲು ಯಾರಿಗೆ ಎಂಬುದೇ ಬದಲಾಯಿತು. ಕಾರ್ಡುಗಳ ಮೇಲೆ ಘಟನೆಗಳನ್ನು ಬರೆದು ಎರಡೂ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿ ನೋಡಲು ಹೇಳಿ.

ಕೊನೆಯ ಭಾಗವೂ ಹಾಗೆಯೇ. ಕಾದಂಬರಿಯ ಮೂರನೇ ಭಾಗದ ತುದಿಯಲ್ಲಿ ಎರಡು ಅಕ್ಷರದ ಸಹಿ, ಲಂಡನ್, 1999 ಎಂದಿದೆ. ಹೆಚ್ಚಿನವರು ಅದನ್ನು ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಅಲ್ಲಿಯವರೆಗೆ ಓದಿದ್ದೆಲ್ಲ ಬ್ರಯನಿ ಬರೆದದ್ದು ಎಂದು ಹೇಳುವ ಮೊದಲ ಗುರುತು ಅದು. ಸಿನಿಮಾ ಇದನ್ನು ಟಿವಿ ಸಂದರ್ಶನ ಮಾಡಿತು, ವೃದ್ಧ ಬ್ರಯನಿಯಾಗಿ ವನೆಸ್ಸಾ ರೆಡ್‌ಗ್ರೇವ್ ಕ್ಯಾಮೆರಾ ನೋಡಿ ಮಾತನಾಡುತ್ತಾರೆ. ಅದಕ್ಕೂ ಮೊದಲೇ ಒಂದು ಗುರುತು ಕಿವಿಗೆ ಬಿದ್ದಿರುತ್ತದೆ: ಡಾರಿಯೊ ಮರಿಯನೆಲ್ಲಿ ಅವರ ಸಂಗೀತದಲ್ಲಿ ಟೈಪ್‌ರೈಟರ್ ಕೀಲಿಗಳ ಸದ್ದು ತಾಳವಾಗಿ ಬರುತ್ತಲೇ ಇದೆ. ಯಾರೋ ಬರೆಯುತ್ತಿದ್ದಾರೆ ಎಂದು ಸಂಗೀತವೇ ಹೇಳುತ್ತಿದೆ. ಪುಟದ ಮೇಲಿನ ಸಹಿಗೆ ಸಿನಿಮಾ ಕಂಡುಕೊಂಡ ಬದಲಿ ಇದು.

ಡನ್‌ಕರ್ಕ್ (ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಹಿಮ್ಮೆಟ್ಟಿದ ಜಾಗ) ಕಡಲತೀರದ ಐದು ನಿಮಿಷದ ಒಂದೇ ಶಾಟ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ತೋರಿಸಿ, ಆದರೆ ಕಾರಣವನ್ನೂ ಹೇಳಿ. ಇಂಗ್ಲೆಂಡಿನ ರೆಡ್‌ಕಾರ್ ತೀರದಲ್ಲಿ ಸುಮಾರು ಸಾವಿರ ಸಹನಟರನ್ನು ಇಟ್ಟುಕೊಂಡು ತೆಗೆದದ್ದು. ಅಷ್ಟು ಜನ ಕೈಗೆ ಸಿಗುವ ಸಮಯ ಕಡಿಮೆ ಇತ್ತು. ತುಂಡು ತುಂಡಾಗಿ ತೆಗೆದರೆ ಮುಗಿಯುತ್ತಿರಲಿಲ್ಲ, ಅದಕ್ಕೇ ಸ್ಟೆಡಿಕ್ಯಾಮ್‌ನಲ್ಲಿ (ನಡೆಯುತ್ತಲೇ ಚಿತ್ರ ಅಲುಗದಂತೆ ತೆಗೆಯುವ ಸಲಕರಣೆ) ಒಂದೇ ಉಸಿರಿಗೆ. ಶೈಲಿ ಎಂದು ಹೊಗಳುವುದು ಎಷ್ಟೋ ಸಲ ಹಣ ಮತ್ತು ಬೆಳಕಿನ ಲೆಕ್ಕದಿಂದ ಹುಟ್ಟಿರುತ್ತದೆ, ವಿದ್ಯಾರ್ಥಿಗಳಿಗೆ ಇದು ತಿಳಿಯಬೇಕು.

ಮುಂಚೆಯೇ ಯೋಚಿಸಬೇಕಾದ್ದು ಒಂದಿದೆ. ‘ಅಟೋನ್‌ಮೆಂಟ್’ನಲ್ಲಿ ರಾಬಿ ಟೈಪ್ ಮಾಡುವ ಪತ್ರದ ಅಶ್ಲೀಲ ಪದ ಪರದೆಯ ತುಂಬ ಬರುತ್ತದೆ, ಗ್ರಂಥಾಲಯದಲ್ಲಿ ನಡೆಯುವ ಪ್ರಣಯದ ದೃಶ್ಯವೂ ಇದೆ. ಪತ್ರವಿಲ್ಲದೆ ಕಥೆಯೇ ಇಲ್ಲ, ಕತ್ತರಿಸಲು ಬರುವುದಿಲ್ಲ. ವಿಭಾಗದ ಮುಖ್ಯಸ್ಥರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ.

ಕಿನ್ನಾಳ ಬಣ್ಣ, ಕೊಪ್ಪಳ

ಕಾದಂಬರಿ ಬಗ್ಗೆ ಮ್ಯಾಲಿನವರು ಛಲೋ ಹೇಳ್ಯಾರ. ನಾ ಹಾಲ್ ಬಗ್ಗೆ ಹೇಳ್ತೀನ್ರಿ, ಯಾಕಂದ್ರ ಇಂಥ ಕಾರ್ಯಕ್ರಮ ಕೆಡೋದು ಅಲ್ಲೇ.

ಮುಂಜಾನೆ ಹೊತ್ತು ಅಂದ್ರೆ ಪೂರ್ವದ ಕಿಟಕಿಯಿಂದ ಬಿಸಿಲು ನೆಟ್ಟಗ ಒಳಗ ಬೀಳತೈತಿ. ಸಾದಾ ಪರದೆ ಬಟ್ಟೆ ಸಾಲೋದಿಲ್ಲ, ದಪ್ಪನ ಕಪ್ಪು ಬಟ್ಟೆ ಎರಡು ಪದರ ಹಾಕ್ರಿ, ಅಂಚಿಗೆ ಟೇಪ್ ಹಚ್ಚ್ರಿ. ಆ ಪುಸ್ತಕ ಕಸಿಯೋ ದೃಶ್ಯ ಹೇಳ್ಯಾರಲ್ಲ, ಅದು ಅರೆಗತ್ತಲದಾಗ ಐತಿ. ಹಾಲ್‌ನಾಗ ಬೆಳಕು ಇದ್ರ ಆ ಕೈ ಕಾಣೋದೇ ಇಲ್ಲ, ಬರೀ ಬೂದು ಬಣ್ಣ ಕಾಣತೈತಿ. 10 ಅಡಿ ಅಗಲದ ಪರದೆಗೆ 3,500ರಿಂದ 4,000 ಲ್ಯೂಮೆನ್ (ಬೆಳಕಿನ ಅಳತಿ) ಪ್ರೊಜೆಕ್ಟರ್ ಬೇಕು.

ಪರದೆ 10 ಅಡಿ ಅಗಲ ಇದ್ರ ಎತ್ತರ 5.6 ಅಡಿ. ಆದ್ರ ‘ರಿಮೇನ್ಸ್’ ಉದ್ದ ಚೌಕಟ್ಟಿನ ಚಿತ್ರ, ಮ್ಯಾಲ ಕೆಳಗ ಕಪ್ಪು ಪಟ್ಟಿ ಬಂದು ಚಿತ್ರದ ಎತ್ತರ ನಾಲ್ಕೂಕಾಲು ಅಡಿಗೆ ಇಳೀತೈತಿ. ಸಬ್‌ಟೈಟಲ್ ಓದಾಕ ಚಿತ್ರದ ಎತ್ತರದ ಆರು ಪಟ್ಟು ದೂರ ಮಿತಿ ಅಂತ ಇಟ್ಕೊಳ್ರಿ. ಅಂದ್ರ ಕಡೀ ಸಾಲು 25 ಅಡಿ ಒಳಗ ಇರಬೇಕು. 35 ಮಂದಿಗೆ ಏಳರಂಗ ಐದು ಸಾಲು, ಆರಾಮ ಹಿಡಿಸತೈತಿ.

ಬ್ಯಾಸಗಿ ಇದ್ರ ಪ್ರೊಜೆಕ್ಟರ್ ಬಿಸಿಯಾಗಿ ತಾನ ಬಂದ್ ಆಗತೈತಿ. ನಮ್ಮ ಕಡೆ ಧೂಳು ಭಾಳ, ಗಾಳಿ ಎಳ್ಕೊಳ್ಳೋ ಫಿಲ್ಟರ್ ಮುಚ್ಚಿರತೈತಿ. ಹಿಂದಿನ ದಿನ ಫಿಲ್ಟರ್ ತಗದು ಬ್ರಶ್‌ನಿಂದ ಝಾಡಿಸ್ರಿ, ಹಿಂದೂ ಬಾಜೂನೂ ಒಂದೊಂದ ಅಡಿ ಖಾಲಿ ಬಿಡ್ರಿ. ಮುಗಿದ ಮ್ಯಾಲ ಫ್ಯಾನ್ ನಿಲ್ಲೋತನಕ ಪ್ಲಗ್ ಕೀಳಬ್ಯಾಡ್ರಿ. ಕರೆಂಟ್ ಹೋದ್ರ ಅಂತ 1 ಕೆವಿಎ ಯುಪಿಎಸ್ ಇಡ್ರಿ. ಅದರ ಮ್ಯಾಲ ಸಿನಿಮಾ ಪೂರಾ ನಡೆಯೋದಿಲ್ಲ, ಜನರೇಟರ್ ಚಾಲೂ ಆಗೋತನಕ ಪ್ರೊಜೆಕ್ಟರ್ ಲ್ಯಾಂಪ್ ಉಳಸಾಕ ಅದು.

ಈಗ ಡಿವಿಡಿ ಮಾತು, ಇದನ್ನ ಯಾರೂ ಲಕ್ಷಕ್ಕ ತಗೊಳ್ಳೋದಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಬ್ರಿಟನ್, ಭಾರತದ ಟಿವಿ ಪದ್ಧತಿ ಪಾಲ್, ಆ ಪಾಲ್ ಡಿವಿಡಿ 25 ಫ್ರೇಮ್‌ನಾಗ ಓಡತೈತಿ. ಹಂಗಾಗಿ ಶೇಕಡಾ 4 ಜೋರು. 134 ನಿಮಿಷದ ಚಿತ್ರ ಸುಮಾರು 128½ ನಿಮಿಷಕ್ಕ ಮುಗೀತೈತಿ. ಒಬ್ಬರು ಪಾಲ್ ಡಿವಿಡಿ ನೋಡಿ, ಇನ್ನೊಬ್ಬರು ಬ್ಲೂರೇ ಅಥವಾ ಒಟಿಟಿ ನೋಡಿ ನಿಮಿಷ ಬರಕೊಂಡ್ರ ಲೆಕ್ಕ ಕೂಡೋದೇ ಇಲ್ಲ: ಅಲ್ಲಿ 60ನೇ ನಿಮಿಷ, ಇಲ್ಲಿ 57 ನಿಮಿಷ 36 ಸೆಕೆಂಡ್. ಎಲ್ಲಾರೂ ಒಂದೇ ಪ್ರತಿಯಿಂದ ನಿಮಿಷ ಬರೀರಿ. ರೀಜನ್ ಕೋಡ್ (ಡಿಸ್ಕ್ ಯಾವ ದೇಶದ ಪ್ಲೇಯರ್‌ನಾಗ ಓಡತೈತಿ ಅನ್ನೋ ಸಂಖ್ಯೆ) ಸಹಿತ ನೋಡ್ರಿ: ಭಾರತ 5, ಬ್ರಿಟನ್ 2, ಅಮೆರಿಕ 1.

ಸಬ್‌ಟೈಟಲ್ ಬ್ಯಾರೆ ಫೈಲ್ ಆಗಿದ್ರ ತಪ್ಪು ಎರಡು ನಮೂನಿ ಬರತೈತಿ. ಶುರುವಿನಿಂದ ಕಡೀತನಕ ಒಂದೇ ಅಂತರ ಇದ್ರ ವಿಎಲ್‌ಸಿ ಪ್ಲೇಯರ್‌ನೊಳಗ ಜಿ ಮತ್ತು ಎಚ್ ಕೀಲಿ ಒತ್ತಿ 50 ಮಿಲಿಸೆಕೆಂಡ್‌ನಂಗ ಹಿಂದ ಮುಂದ ಸರಸ್ರಿ. ಶುರುವಿಗೆ ಸರಿ ಇದ್ದು ಹೋಗ್ತಾ ಹೋಗ್ತಾ ದೂರ ಸರದ್ರ ಅದು 24–25ರ ಜಗಳ. ಕೀಲಿ ಒತ್ತಿ ಸರಿಯಾಗೋದಿಲ್ಲ, ಸಬ್‌ಟೈಟಲ್ ಎಡಿಟ್ ತಂತ್ರಾಂಶದಾಗ ಫ್ರೇಮ್ ರೇಟ್ ಬದಲಿಸಿ ಉಳಿಸ್ರಿ. ತರಗತಿಗೆ ಬೇಕಾದ ಎರಡು ಮೂರು ದೃಶ್ಯಕ್ಕ ಕನ್ನಡ ಸಬ್‌ಟೈಟಲ್ ಮಾಡ್ತೀವಿ ಅಂದ್ರ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಾಗ ಉಳಿಸ್ರಿ, ಫಾಂಟ್ ನೋಟೊ ಸಾನ್ಸ್ ಕನ್ನಡ ಇಡ್ರಿ. ಇಲ್ಲಾಂದ್ರ ಅಕ್ಷರದ ಬದ್ಲಿ ಚೌಕ ಬರತಾವ, ಒತ್ತಕ್ಷರ ಒಡೀತಾವ. ಎರಡು ಸಾಲಿಗಿಂತ ಹೆಚ್ಚು ಬ್ಯಾಡ.

ಸಿಂಧನೂರು ಕಾಲುವೆ

ಹಕ್ಕಿನ ಬಗ್ಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆ) ಕಲಮಿನ ಪ್ರಕಾರ ಶಿಕ್ಷಣ ಸಂಸ್ಥೆ ತನ್ನ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು. ಶರತ್ತು ಏನೆಂದರೆ ನೋಡುವವರು ಆ ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿಗೆಲ್ಲ ಕರಪತ್ರ ಹಂಚಿ ಸಾರ್ವಜನಿಕರನ್ನು ಕರೆದರೆ ಈ ರಕ್ಷಣೆ ಇರುವುದಿಲ್ಲ, ಟಿಕೆಟ್ ಇಲ್ಲದಿದ್ದರೂ. ಹಾಗೆ ಕರೆಯಬೇಕೆಂದರೆ ಹಕ್ಕುದಾರರಿಂದ ಸಾರ್ವಜನಿಕ ಪ್ರದರ್ಶನದ ಅನುಮತಿ ಬೇರೆಯೇ ತೆಗೆದುಕೊಳ್ಳಬೇಕು. ಒಟಿಟಿ ಖಾತೆಗಳ ಕರಾರು ಸ್ವಂತ ಬಳಕೆಗೆ ಮಾತ್ರ ಇರುವುದರಿಂದ ಡಿಸ್ಕ್ ಕೊಳ್ಳುವುದು ಒಳ್ಳೆಯದು. ಹಾಜರಿ ಪುಸ್ತಕ ಇಡಿ. ಕನ್ನಡ ಸಬ್‌ಟೈಟಲ್ ಫೈಲನ್ನು ಜಾಲತಾಣದಲ್ಲಿ ಹಂಚಬೇಡಿ.

ಆಯ್ಕೆಯ ವಿಷಯದಲ್ಲಿ ನನ್ನದು ಸ್ವಲ್ಪ ಭಿನ್ನಮತ. ಮೊದಲ ವಾರವೇ ‘ರಿಮೇನ್ಸ್’ ಹಿಡಿದರೆ ಇಂಗ್ಲಿಷ್ ಬಟ್ಲರ್‌ನ ಶಿಷ್ಟಾಚಾರದ ಭಾಷೆಯಲ್ಲೇ ಹುಡುಗರು ಸಿಕ್ಕಿಕೊಳ್ಳುತ್ತಾರೆ. ಜೂಲಿಯನ್ ಬಾರ್ನ್ಸ್ ಅವರ ‘ದಿ ಸೆನ್ಸ್ ಆಫ್ ಆನ್ ಎಂಡಿಂಗ್’ (2011, ಆ ವರ್ಷದ ಬೂಕರ್ ಪ್ರಶಸ್ತಿ) 150 ಪುಟ, ವಾಕ್ಯಗಳು ಸರಳ. ಅಲ್ಲಿಯೂ ಪ್ರಶ್ನೆ ಅದೇ: ಕಥೆ ಹೇಳುವ ಟೋನಿ ತಾನು ಹಿಂದೆ ಬರೆದ ಪತ್ರವನ್ನು ಮೊದಲ ಭಾಗದಲ್ಲಿ ಹಗುರವಾಗಿ ನೆನೆಯುತ್ತಾನೆ, ಎರಡನೇ ಭಾಗದಲ್ಲಿ ಪತ್ರವೇ ಎದುರಿಗೆ ಬರುತ್ತದೆ, ವಿಷ ಕಕ್ಕುವ ಪತ್ರ. 2017ರ ಸಿನಿಮಾ ಮಾಡಿದವರು ‘ದಿ ಲಂಚ್‌ಬಾಕ್ಸ್’ ಖ್ಯಾತಿಯ ರಿತೇಶ್ ಬಾತ್ರಾ, 108 ನಿಮಿಷ. ಅದರಲ್ಲಿ ಟೋನಿಗೆ ಹಳೆಯ ಕ್ಯಾಮೆರಾಗಳ ಅಂಗಡಿ ಕೊಟ್ಟಿದ್ದಾರೆ, ಮಗಳನ್ನು ಗರ್ಭಿಣಿ ಮಾಡಿದ್ದಾರೆ. ಕಾದಂಬರಿಯಲ್ಲಿ ಎರಡೂ ಇಲ್ಲ. ತಲೆಯೊಳಗೇ ಬದುಕುವ ಮನುಷ್ಯನಿಗೆ ಕೈಕೆಲಸ, ಹೊರಗೆ ಹೋಗಲು ಒಂದು ಕಾರಣ ಬೇಕಿತ್ತು, ಅದಕ್ಕಾಗಿ ಸೇರಿಸಿದ್ದು. ಆದರೆ ಮಗಳ ಹೆರಿಗೆ ಅವನಿಗೆ ಸಮಾಧಾನ ತಂದುಕೊಡುತ್ತದೆ. ಬಾರ್ನ್ಸ್ ಆ ಸಮಾಧಾನ ಕೊಟ್ಟಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಚಿತ್ರ ಅಲ್ಲಿ ದುರ್ಬಲವಾಯಿತು, ಅದಕ್ಕೇ ಚರ್ಚೆಗೆ ಒಳ್ಳೆಯದು.

ಮೋನಿಕಾ ಅಲಿ ಅವರ ‘ಬ್ರಿಕ್ ಲೇನ್’ (2003) ಬಿಡಬೇಡಿ, ಮದುವೆಯಾಗಿ ಲಂಡನ್ನಿಗೆ ಬಂದ ಬಾಂಗ್ಲಾದೇಶಿ ಹೆಣ್ಣಿನ ಕಥೆ ಅದು. ಸಾರಾ ಗಾವ್ರನ್ 2007ರಲ್ಲಿ ಮಾಡಿದ ಚಿತ್ರದಲ್ಲಿ ತನಿಷ್ಠಾ ಚಟರ್ಜಿ ಮತ್ತು ಸತೀಶ್ ಕೌಶಿಕ್ ಇದ್ದಾರೆ, ನಮ್ಮ ವಿದ್ಯಾರ್ಥಿಗಳಿಗೆ ಆ ಮನೆ, ಆ ಮಾತು ಹತ್ತಿರದವು. 1985ರಿಂದ 2002ರವರೆಗೆ ಹರಡಿದ ಕಾದಂಬರಿಯನ್ನು 2001ರ ಆಸುಪಾಸಿಗೆ ಬಿಗಿಹಿಡಿದಿದ್ದಾರೆ. ಢಾಕಾದಲ್ಲಿರುವ ತಂಗಿ ಹಸೀನಾಳ ಪತ್ರಗಳು ಕಾದಂಬರಿಯಲ್ಲಿ ಎರಡನೇ ಕಥೆಯನ್ನೇ ಹೇಳುತ್ತವೆ. ಸಿನಿಮಾದಲ್ಲಿ ತಂಗಿ ಬಹುಪಾಲು ನೆನಪಿನ ಚಿತ್ರವಾಗಿ ಉಳಿದಳು. ಒಂದು ಊರಿನ ಕಥೆ ಹೇಳಲು ಇನ್ನೊಂದು ಊರಿನ ಬದುಕು ಹೋಯಿತು. ಇದು ಲಾಭವೋ ನಷ್ಟವೋ ಎಂದು ಒಂದು ತಾಸು ವಾದ ಮಾಡಿಸಬಹುದು.

ಮಾವಿನಕೆರೆ ದಂಡೆ, ರಾಯಚೂರು

ಬಹಳ ಉಪಕಾರವಾಯಿತು. ಬಾರ್ನ್ಸ್ ಅವರಿಂದಲೇ ಶುರು ಮಾಡುತ್ತೇವೆ, ಆ ಕಾದಂಬರಿಯ ಭಾಗಗಳನ್ನು ಮೊದಲ ಭಾನುವಾರಕ್ಕೆ ಹಂಚುತ್ತೇವೆ. ಇನ್ನು ಮೂರು ಸಂದೇಹ. ವಿದ್ಯಾರ್ಥಿಗಳು ‘ಟ್ರೇನ್‌ಸ್ಪಾಟಿಂಗ್’ ಮತ್ತು ‘ಕ್ಲೌಡ್ ಅಟ್ಲಾಸ್’ ಕೇಳುತ್ತಿದ್ದಾರೆ, ಆಗುತ್ತದೆಯೇ? ವಾಯ್ಸ್ ಓವರ್ (ಚಿತ್ರದ ಮೇಲೆ ಕೇಳುವ ನಿರೂಪಕರ ದನಿ) ಇದ್ದರೆ ಸಿನಿಮಾ ಸೋತಂತೆ ಎಂದು ಕೆಲವು ಪಠ್ಯಗಳಲ್ಲಿದೆ, ಒಪ್ಪಬಹುದೇ? ಕೊನೆಯ ಭಾನುವಾರ ಅವರಿಂದ ಏನು ಮಾಡಿಸಬೇಕು?

ಸಿಂಧನೂರು ಕಾಲುವೆ

‘ಟ್ರೇನ್‌ಸ್ಪಾಟಿಂಗ್’ ಬೇಡ. ಇರ್ವಿನ್ ವೆಲ್ಷ್ ಅವರ 1993ರ ಕಾದಂಬರಿ ಎಡಿನ್‌ಬರೋದ ಆಡುಮಾತನ್ನು ಉಚ್ಚಾರದ ಪ್ರಕಾರವೇ ಅಕ್ಷರಕ್ಕಿಳಿಸಿದೆ, ಒಂದು ಪುಟಕ್ಕೆ ಅರ್ಧ ತಾಸು ಬೇಕು. ವಸ್ತು ಹೆರಾಯಿನ್. ಎಂ.ಎ.ಯವರಿಗೆ ಒಂದು ಅಧ್ಯಾಯ ಕೊಟ್ಟು, ಅನೇಕ ದನಿಗಳ ಆ ಕಾದಂಬರಿಯನ್ನು ಡ್ಯಾನಿ ಬಾಯ್ಲ್ 1996ರಲ್ಲಿ ರೆಂಟನ್ ಒಬ್ಬನ ದನಿಗೆ ತಂದು 94 ನಿಮಿಷದಲ್ಲಿ ಹೇಗೆ ಮುಗಿಸಿದರು ಎಂದು ಹೇಳಿದರೆ ಸಾಕು. ‘ಕ್ಲೌಡ್ ಅಟ್ಲಾಸ್’ ಸಿನಿಮಾ 172 ನಿಮಿಷ, ಚರ್ಚೆಗೆ ಹೊತ್ತು ಉಳಿಯದು.

ಬೆಟ್ಟದ ಕೋಟೆ, ಬಳ್ಳಾರಿ

‘ಕ್ಲೌಡ್ ಅಟ್ಲಾಸ್’ ತೋರಿಸದಿದ್ದರೂ ಅದರ ನಕ್ಷೆಯನ್ನು ಬೋರ್ಡಿನ ಮೇಲೆ ಹಾಕಿ, ಹತ್ತು ನಿಮಿಷದ ಕೆಲಸ. ಡೇವಿಡ್ ಮಿಚೆಲ್ ಅವರ ಕಾದಂಬರಿಯಲ್ಲಿ (2004) ಐದು ಕಥೆಗಳು ಅರ್ಧಕ್ಕೆ ನಿಲ್ಲುತ್ತವೆ, ಆರನೆಯದು ನಡುವೆ ಪೂರ್ತಿ ಬರುತ್ತದೆ, ಆಮೇಲೆ ಐದೂ ಹಿಮ್ಮುಖವಾಗಿ ಮುಗಿಯುತ್ತವೆ. ಸಿನಿಮಾ ಆರನ್ನೂ ಕತ್ತರಿಸಿ ಹೆಣೆಯಿತು. ಪುಸ್ತಕದಲ್ಲಿ ಅರ್ಧಕ್ಕೆ ಬಿಟ್ಟ ಕಥೆಗೆ ಇನ್ನೂರು ಮುನ್ನೂರು ಪುಟ ಕಾಯಬಹುದು, ಬೇಕಾದರೆ ಹಿಂದಕ್ಕೆ ತಿರುವಬಹುದು. ಚಿತ್ರಮಂದಿರದಲ್ಲಿ ಕೂತವನು ಎರಡು ತಾಸು ಕಾದ ಮೇಲೆ ಮೊದಲ ಕಥೆಯ ಹೆಸರುಗಳನ್ನೇ ಮರೆತಿರುತ್ತಾನೆ.

ವಾಯ್ಸ್ ಓವರ್ ಸೋಲಿನ ಗುರುತಲ್ಲ. ಚಿತ್ರ ತೋರಿಸಿದ್ದನ್ನೇ ದನಿ ಮತ್ತೆ ಹೇಳಿದರೆ ದಂಡ. ದನಿ ಒಂದು ಹೇಳಿ ಚಿತ್ರ ಇನ್ನೊಂದು ತೋರಿಸಿದರೆ ಅದೇ ನಿರೂಪಕನ ಸುಳ್ಳು ಬಯಲಾಗುವ ಜಾಗ. ಜೋಯಿ ಹೆಲ್ಲರ್ ಅವರ ‘ನೋಟ್ಸ್ ಆನ್ ಎ ಸ್ಕ್ಯಾಂಡಲ್’ (2003) ಚಿತ್ರವಾದಾಗ (2006, ರಿಚರ್ಡ್ ಐರ್) ಬಾರ್ಬರಾಳ ದಿನಚರಿ ಜೂಡಿ ಡೆಂಚ್ ದನಿಯಲ್ಲಿ ಬರುತ್ತದೆ. ಅವಳು ಸ್ನೇಹ ಎಂದು ಬರೆದುಕೊಂಡದ್ದು ಎದುರಿನ ಕೇಟ್ ಬ್ಲ್ಯಾಂಚೆಟ್ ಮುಖದಲ್ಲಿ ಹಾಗೆ ಕಾಣುವುದಿಲ್ಲ. ಮೂರು ನಿಮಿಷದ ತುಣುಕನ್ನು ದನಿ ಸಹಿತ, ದನಿ ರಹಿತ ತೋರಿಸಿ. ದನಿ ತೆಗೆದಾಗ ಅರ್ಥ ಬದಲಾಗದಿದ್ದರೆ ಆ ದನಿ ಬೇಡವಾಗಿತ್ತು ಎಂದರ್ಥ.

ಮಾಹಿತಿ ತೀರ ಬೇಗ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ‘ನೆವರ್ ಲೆಟ್ ಮಿ ಗೋ’ ನೋಡಿ. ಇಶಿಗುರೊ ಅವರ ಕಾದಂಬರಿಯಲ್ಲಿ (2005) ಒಂದು ವಸತಿ ಶಾಲೆಯ ಮಕ್ಕಳು ಅಂಗದಾನಕ್ಕಾಗಿ ಬೆಳೆಸಿದವರು ಎಂಬುದು ಮಾತು ಮಾತಿನ ನಡುವೆ ತಿಳಿಯುತ್ತ ಹೋಗುತ್ತದೆ. ಮಕ್ಕಳಿಗೂ ಹಾಗೆಯೇ ತಿಳಿದದ್ದು. 2010ರ ಸಿನಿಮಾ ಶುರುವಿನಲ್ಲೇ ಅಕ್ಷರಗಳಲ್ಲಿ, 1952ರ ವೈದ್ಯಕೀಯ ಶೋಧ, 1967ರ ಹೊತ್ತಿಗೆ ನೂರು ದಾಟಿದ ಆಯಸ್ಸು ಎಂದು ಹೇಳಿಬಿಡುತ್ತದೆ. ನೋಡುವವನು ಮಕ್ಕಳಿಗಿಂತ ಮುಂದೆ ಹೋದ. ಮರುಕ ಹೆಚ್ಚಿತು, ಜೊತೆಗೆ ನಡೆಯುವುದು ತಪ್ಪಿತು. ಅವರ ಮಣಿಕಟ್ಟಿನ ಪಟ್ಟಿಯೂ ಸಿನಿಮಾ ಸೇರಿಸಿದ್ದು. ಅವರು ಓಡಿಹೋಗುವುದಿಲ್ಲ ಏಕೆ ಎಂದು ಕೇಳುವ ಪ್ರೇಕ್ಷಕನಿಗೆ ಅರ್ಧ ಉತ್ತರ ಅದು. ಕಾದಂಬರಿಗೆ ಪಟ್ಟಿಯ ಅಗತ್ಯವೇ ಇರಲಿಲ್ಲ, ಅವರಿಗೆ ಓಡುವ ಯೋಚನೆಯೇ ಬರುವುದಿಲ್ಲ ಎಂಬುದೇ ಅದರ ಭಯ. ಮೊದಲ ಹತ್ತು ನಿಮಿಷ ಮತ್ತು ಮೊದಲ ಅಧ್ಯಾಯ, ಇಷ್ಟು ಸಾಕು.

ಐದನೇ ಭಾನುವಾರಕ್ಕೆ ‘ದಿ ಜೋನ್ ಆಫ್ ಇಂಟರೆಸ್ಟ್’ ಇಡಿ. ಮಾರ್ಟಿನ್ ಅಮಿಸ್ ಅವರ 2014ರ ಕಾದಂಬರಿಯಲ್ಲಿ ಮೂರು ನಿರೂಪಕರು, ನಾಜಿ ಸಾವಿನ ಶಿಬಿರದ ಕಮಾಂಡೆಂಟನ (ಮುಖ್ಯಸ್ಥನ) ಹೆಸರು ಪಾಲ್ ಡಾಲ್. ಜೊನಾಥನ್ ಗ್ಲೇಜರ್ 2023ರಲ್ಲಿ ಮೂರೂ ದನಿಗಳನ್ನು ಬಿಟ್ಟರು, ಕಥೆಯನ್ನೂ ಬಹುಪಾಲು ಬಿಟ್ಟರು, ಇತಿಹಾಸದ ನಿಜವಾದ ಕಮಾಂಡೆಂಟ್ ರುಡಾಲ್ಫ್ ಹೋಸ್‌ನ ಹೆಸರನ್ನೇ ಇಟ್ಟರು. ಉಳಿದದ್ದು ಆಶ್ವಿಟ್ಜ್ ಶಿಬಿರದ ಗೋಡೆಗೆ ಹೊಂದಿದ ಒಂದು ತೋಟದ ಮನೆ. ಗೋಡೆಯಾಚೆ ನಡೆಯುವುದು ಕಾಣುವುದಿಲ್ಲ, ಕೇಳುತ್ತದೆ. ಧ್ವನಿಗೆ ಆಸ್ಕರ್ ಬಂದದ್ದು ಅದಕ್ಕೇ. ಕೃತಿಯ ಬಹುಪಾಲು ಬಿಟ್ಟೂ ಅದರ ಪ್ರಶ್ನೆಯನ್ನು ಉಳಿಸಿಕೊಳ್ಳಬಹುದು ಎಂದು ತೋರಿಸಲು ಇದಕ್ಕಿಂತ ಒಳ್ಳೆಯದು ಸಿಗದು. 105 ನಿಮಿಷ, ಮಾತು ಜರ್ಮನ್.

ಕೊನೆಯ ಭಾನುವಾರ ಪ್ರಬಂಧ ಬರೆಸಬೇಡಿ, ಒಂದು ಪುಟ ಚಿತ್ರಕಥೆ ಬರೆಸಿ. ಸ್ಟೀವನ್ಸ್ ಮತ್ತು ಮಿಸ್ ಕೆಂಟನ್ ಬೀಳ್ಕೊಳ್ಳುವ ಭಾಗವನ್ನು ಕಾದಂಬರಿಯಿಂದ ಕೊಡಿ, ಜಾಗ ರಾಯಚೂರು ಬಸ್ ನಿಲ್ದಾಣ. ವಾಯ್ಸ್ ಓವರ್ ಇಲ್ಲ, ಹಾಡಿಲ್ಲ, ಇಬ್ಬರೂ ಮನಸ್ಸಿನ ಮಾತು ಬಾಯಲ್ಲಿ ಆಡುವಂತಿಲ್ಲ. ಕೈಯಲ್ಲಿ ಒಂದು ವಸ್ತು ಇರಬೇಕು. ಆ ಭಾಗದಲ್ಲಿ ಸ್ಟೀವನ್ಸ್ ಇಡೀ ಕಾದಂಬರಿಯಲ್ಲಿ ಒಮ್ಮೆ ಮಾತ್ರ ತನ್ನ ಎದೆ ಒಡೆಯಿತು ಎಂದು ಒಪ್ಪಿಕೊಳ್ಳುತ್ತಾನೆ. ಆ ವಾಕ್ಯವನ್ನು ಯಾವುದರಿಂದ ತೋರಿಸಿದರು ಎಂಬುದಕ್ಕೇ ಅರ್ಧ ಅಂಕ ಇಡಿ. ಹೆಚ್ಚಿನವರು ಮಳೆ ಸುರಿಸುತ್ತಾರೆ ಅಥವಾ ಕಣ್ಣೀರು ಹಾಕಿಸುತ್ತಾರೆ. ಮಳೆ ಅಲ್ಲಿನ ಊರಿಗೆ ಸಹಜ. ರಾಯಚೂರಿನ ಏಪ್ರಿಲ್‌ಗೆ ಸಹಜವಾದದ್ದು ಏನು ಎಂದು ಮತ್ತೆ ಕೇಳಿ: ಕಿಟಕಿಯ ಕಬ್ಬಿಣದ ಸರಳು ಮುಟ್ಟಲಾರದಷ್ಟು ಕಾದಿರುತ್ತದೆ, ಸೀಟು ಹಿಡಿಯಲು ಟವೆಲ್ ಎಸೆಯುತ್ತಾರೆ, ಕಂಡಕ್ಟರ್ ಮಾನ್ವಿ, ಸಿಂಧನೂರು ಎಂದು ಕೂಗುತ್ತಾನೆ. ಆ ಗದ್ದಲದಲ್ಲಿ ಹೇಳದೆ ಉಳಿದ ಮಾತು ತಾನೇ ಕಾಣುತ್ತದೆ.

ಅದಕ್ಕೂ ಮೊದಲು ಪ್ರತಿ ವಾರ ಒಂದು ದೃಶ್ಯಪಟ್ಟಿ ಮಾಡಿಸಿ. ಇಡೀ ಚಿತ್ರದ್ದು ಬೇಡ, 12 ದೃಶ್ಯ ಸಾಕು. ನಾಲ್ಕು ಕಾಲಂ: ಸಿನಿಮಾದ ನಿಮಿಷ, ಕಾದಂಬರಿಯ ಅಧ್ಯಾಯ, ಯಾರ ಕಣ್ಣಿಂದ, ಈ ದೃಶ್ಯದಲ್ಲಿ ನಮಗೆ ಹೊಸದಾಗಿ ಗೊತ್ತಾದದ್ದು. ಪುಟಸಂಖ್ಯೆ ಬರೆಸಬೇಡಿ, ಒಬ್ಬೊಬ್ಬರ ಹತ್ತಿರ ಒಂದೊಂದು ಆವೃತ್ತಿ ಇರುತ್ತದೆ. ನಾಲ್ಕನೇ ಕಾಲಂ ಖಾಲಿ ಬಿಟ್ಟವರಿಗೆ ಆ ದೃಶ್ಯವನ್ನು ಇನ್ನೊಮ್ಮೆ ತೋರಿಸಿ.

ಕಿನ್ನಾಳ ಬಣ್ಣ, ಕೊಪ್ಪಳ

‘ಜೋನ್ ಆಫ್ ಇಂಟರೆಸ್ಟ್’ಗೆ ಲ್ಯಾಪ್‌ಟಾಪ್ ಸ್ಪೀಕರ್ ನಡೆಯೋದಿಲ್ರಿ, ಗ್ವಾಡಿ ಆಚಿನ ಸದ್ದು ಅದರಾಗ ಕೇಳೋದೇ ಇಲ್ಲ. ಎರಡು ಪವರ್ಡ್ ಸ್ಪೀಕರ್ ಪರದೆಯ ಎರಡೂ ಬಾಜೂ ಕಿವಿ ಎತ್ತರಕ್ಕ ಇಡ್ರಿ. ಸಭಾದಾಗ ಭಾಷಣಕ್ಕ ಇಡೋ ಕೊಂಬಿನ ಸ್ಪೀಕರ್ ಬ್ಯಾಡ, ಅದರಾಗ ಸಣ್ಣ ಸದ್ದು ಸಾಯತಾವ. ಚಿತ್ರ ನಡೆಯುವಾಗ ಸೀಲಿಂಗ್ ಫ್ಯಾನ್ ಒಂದು ಹಂತ ಕಡಿಮಿ ಇಡ್ರಿ. ಇನ್ನೊಂದು, ಪ್ರೊಜೆಕ್ಟರ್ ನಡೆಸೋ ಹುಡುಗಗ ಮೊದಲ ಹೇಳಿರ್ರಿ: ಶುರುವಿಗೆ ಚಿತ್ರದ ಹೆಸರು ಬಂದು ಮಾಯ ಆದ ಮ್ಯಾಲ ಪರದೆ ಭಾಳ ಹೊತ್ತು ಪೂರಾ ಕಪ್ಪು ಇರತೈತಿ, ಬರೀ ಸಂಗೀತ ಇರತೈತಿ. ಕೇಬಲ್ ಹೋತು ಅಂತ ತಿಳದು ಕಿತ್ತಿಟ್ಟಾನು.